ಮನೆಗೂ ರಾತ್ರಿಯಾಗಲಿ

ರಾತ್ರಿ ಹತ್ತಾದರೂ ಮಂಚದ ಮೇಲೆ ಕುಣಿಯುವ ಮಗುವನ್ನು ಕಂಡು ‘ಇದಕ್ಕೆ ನಿದ್ದೆಯೇ ಬಾರದು’ ಎಂದು ತಾಯಿ ಬೇಸರಪಡುತ್ತಾಳೆ. ತಂದೆ ಗದರುತ್ತಾನೆ. ಮಗು ಅಳುತ್ತಾ ಮಲಗುತ್ತದೆ. ಮರುದಿನ ತರಗತಿಯಲ್ಲಿ ಅದೇ ಮಗು ಆಕಳಿಸುತ್ತದೆ, ಇಲ್ಲವೇ ಪಕ್ಕದವರನ್ನು ಕೆಣಕುತ್ತದೆ. ‘ತುಂಟ’ ಎಂಬ ಹೆಸರು ಅಂಟಿಕೊಳ್ಳುತ್ತದೆ. ನಿಜಕ್ಕೂ ಅದಕ್ಕೆ ನಿದ್ದೆ ಸಾಲದು. ದಣಿದ ದೊಡ್ಡವರು ತೂಕಡಿಸುತ್ತಾರೆ. ದಣಿದ ಮಕ್ಕಳಲ್ಲಿ ಅನೇಕರು ಮತ್ತಷ್ಟು ಕುಣಿಯುತ್ತಾರೆ.

6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕೆನ್ನುತ್ತಾರೆ ತಜ್ಞರು. ಅದು ಗದರಿದರೆ ಬರುವಂಥದ್ದಲ್ಲ. ಕತ್ತಲಾಗುತ್ತಿದ್ದಂತೆ ಮೆದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸತೊಡಗುತ್ತದೆ. 1958ರಲ್ಲಿ ಅಮೆರಿಕದ ಆರನ್ ಲರ್ನರ್ ಮತ್ತು ಸಂಗಡಿಗರು ಇದನ್ನು ಬೇರ್ಪಡಿಸಿದರು. ರಾತ್ರಿಯಾಯಿತೆಂದು ದೇಹಕ್ಕೆ ಸುದ್ದಿ ಮುಟ್ಟಿಸುವುದು ಇದೇ. ಕಣ್ಣಿಗೆ ಬೀಳುವ ಪ್ರಖರ ಬೆಳಕು, ಅದರಲ್ಲೂ ನೀಲಿ ಬೆಳಕು, ಈ ಸ್ರಾವವನ್ನು ತಗ್ಗಿಸುತ್ತದೆ.

ಆದ್ದರಿಂದ ಓಟ, ಕುಣಿತವೆಲ್ಲ ಸಂಜೆಗೇ ಮುಗಿಯಲಿ. ಮಲಗುವುದಕ್ಕೆ ಒಂದು ಗಂಟೆ ಮೊದಲು ಟಿ.ವಿ., ಮೊಬೈಲು ಆರಲಿ, ದೀಪ ಮಂದವಾಗಲಿ. ಅದಕ್ಕೂ ಮುಂಚೆ ಬೆಚ್ಚಗಿನ ನೀರಿನ ಸ್ನಾನವಾದರೆ ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಶಾಖ ಹೊರಹೋಗುತ್ತದೆ. ಮೈ ತಣಿದಂತೆ ನಿದ್ದೆ ಹತ್ತಿರವಾಗುತ್ತದೆ. ಆಮೇಲೆ ಅಜ್ಜಿಯದೋ ಅಪ್ಪನದೋ ಒಂದು ಕತೆ. ರಜೆಯ ದಿನವೂ ಇದೇ ಹೊತ್ತು, ಇದೇ ಕ್ರಮ.

ಮನೆಯವರೆಲ್ಲ ಟಿ.ವಿ. ಮುಂದೆ ಕುಳಿತು ಮಗುವಿಗೆ ಮಾತ್ರ ‘ಮಲಗು’ ಎಂದರೆ ಅದು ಕೇಳೀತೆ? ಆ ಒಂದು ಗಂಟೆ ದೊಡ್ಡವರೂ ದನಿ ತಗ್ಗಿಸಲಿ. ಕೆಲವು ದಿನಗಳಲ್ಲಿ ಗದರಿಕೆಯ ಅಗತ್ಯವೇ ಕಡಿಮೆಯಾದೀತು.