ಇಳಿಜಾರಿನ ಪಾಠ

ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಬೈಕುಗಳನ್ನು ತಯಾರಿಸುತ್ತಿದ್ದ ಕಾರ್ಖಾನೆ 1996ರಲ್ಲಿ ಮುಚ್ಚಿತು. ಊರಿನ ಎಷ್ಟೋ ಮನೆಗಳಲ್ಲಿ ಅಪ್ಪನ ಬೈಕು ಈಗ ಮಗನ ಕೈಗೆ ಬಂದಿದೆ. ಅದನ್ನೇರಿ ಮಡಿಕೇರಿ ದಾಟಿ ಮಂಗಳೂರಿಗೆ ಹೊರಟವನಿಗೆ ಏರಿಗಿಂತ ಸಂಪಾಜೆ ಘಾಟಿಯ ಇಳಿಜಾರೇ ಪರೀಕ್ಷೆ.

ಈ ಟೂ ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನೊಂದಿಗೆ ಬೆರೆತೇ. ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಎಣ್ಣೆ ಮಾತ್ರ ತೀರ ಕಡಿಮೆಯಾಗುತ್ತದೆ. ಪಿಸ್ಟನ್ ಕಚ್ಚಿಕೊಂಡರೆ ಹಿಂದಿನ ಚಕ್ರವೂ ತಟ್ಟನೆ ನಿಂತು, ತಿರುವಿನಲ್ಲಿ ಸವಾರ ನೆಲಕ್ಕುರುಳಬಹುದು. ಅದಕ್ಕೇ ಬಲ್ಲವರು ಆಗಾಗ ಕ್ಲಚ್ ಹಿಡಿದು ಆಕ್ಸಿಲರೇಟರ್ ತುಸು ತಿರುವುತ್ತಾರೆ. ಹಿಂದೆ ಬರುವವರು ಅದನ್ನು ಶೋಕಿ ಎಂದುಕೊಳ್ಳುತ್ತಾರೆ. ಕೀಲಿಕೈ ಕೊಡುವ ಮುನ್ನ ಅಪ್ಪ ಮಗನಿಗೆ ಇದನ್ನೊಂದು ಹೇಳಿಕೊಟ್ಟಿರಬೇಕು.