ಅಂಜುವ ಮರಿಯಿಂದ ಕಲಿತ ಪಾಠ

ಕಳೆದ ಮಳೆಗಾಲದಲ್ಲಿ ನನ್ನ ಮೊಮ್ಮಗಳು ಮೋರಿಯ ಪಕ್ಕ ಒಂಟಿಯಾಗಿ ನಡುಗುತ್ತಿದ್ದ ನಾಯಿಮರಿಯೊಂದನ್ನು ಮನೆಗೆ ತಂದಳು. ಅದಕ್ಕೆ 5 ವಾರವಿರಬಹುದೆಂದು ಪಶುವೈದ್ಯರು ಹೇಳಿದರು. ಬೆಳ್ಳಿ ಎಂದು ಹೆಸರಿಟ್ಟೆವು. ಪಾರ್ವೋ ರೋಗದ ಭಯದಿಂದ, ಲಸಿಕೆಗಳೆಲ್ಲ ಮುಗಿದು 16 ವಾರ ತುಂಬುವವರೆಗೆ ಅದನ್ನು ಹೊಸ್ತಿಲು ದಾಟಿಸಲಿಲ್ಲ. ಮನೆಯವರ ಕಾಲಿಗೆ ತೊಡರಿಕೊಂಡು ಬೆಳೆದ ಬೆಳ್ಳಿ, ಬೇರೊಂದು ನಾಯಿಯ ಬೊಗಳು ಕೇಳಿದರೆ ಸಾಕು, ಬಾಗಿಲ ಹಿಂದೆ ಅಡಗುತ್ತಿತ್ತು.

ಮೂರು ದಶಕ ಮಕ್ಕಳಿಗೆ ಪಾಠ ಹೇಳಿದವನಿಗೆ ಒಂದು ಮರಿಯ ಅಂಜಿಕೆ ಬಿಡಿಸುವುದು ಎಷ್ಟರ ಮಾತು ಎಂದುಕೊಂಡೆ. ನೀರಿಗಿಳಿಯದೆ ಈಜು ಬಾರದೆಂಬುದು ನನ್ನ ತರ್ಕ. ಒಂದು ಭಾನುವಾರ ಬಡಾವಣೆಯ ಸಾಕುನಾಯಿಗಳು ಸೇರುವ ಬಯಲಿಗೆ ಒಯ್ದು ನಡುವೆ ನಿಲ್ಲಿಸಿಬಿಟ್ಟೆ. ಐದಾರು ನಾಯಿಗಳು ಸುತ್ತುವರಿದವು. ಬೆಳ್ಳಿ ಬಾಲ ಮುದುಡಿ, ನೆಲಕ್ಕಂಟಿ, ನಿಂತಲ್ಲೇ ಮೂತ್ರ ಮಾಡಿಕೊಂಡಿತು. ಮುಂದಿನ ಎರಡು ದಿನ ಮಂಚದಡಿಯಿಂದ ಹೊರಬರಲಿಲ್ಲ.

ವೈದ್ಯರು ಗದರಲಿಲ್ಲ, ಕೂರಿಸಿ ವಿವರಿಸಿದರು. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ನಾಯಿಗಳ ಸ್ವಭಾವವನ್ನು ಬಹುಕಾಲ ಅಭ್ಯಸಿಸಿ 1965ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರಂತೆ. ಮರಿಯು ಲೋಕವನ್ನು ಸುಲಭವಾಗಿ ತನ್ನದೆಂದು ಒಪ್ಪಿಕೊಳ್ಳುವ ಕಾಲ ಸುಮಾರು 3ರಿಂದ 12 ವಾರ. ಆ ಕಾಲವನ್ನು ಬೆಳ್ಳಿ ನಾಲ್ಕು ಗೋಡೆಗಳೊಳಗೆ ಕಳೆದಿತ್ತು. ಮೊದಲ ಲಸಿಕೆಯಾಗಿ ವಾರ ಕಳೆದ ಮೇಲೆ ಅದನ್ನು ಎತ್ತಿಕೊಂಡು ಬೀದಿ ತೋರಿಸಬಹುದಿತ್ತು. ಲಸಿಕೆ ಪಡೆದ ಆರೋಗ್ಯವಂತ ನಾಯಿಗಳ ಪರಿಚಯ ಮಾಡಿಸಬಹುದಿತ್ತು. ಈಗಲೂ ಸಾಧ್ಯ, ಆದರೆ ನಿಧಾನವಾಗಿ ಎಂದರು.

ನೆರೆಮನೆಯಲ್ಲೊಂದು ಮುದಿ ಲ್ಯಾಬ್ರಡಾರ್ ಇದೆ, ಶಾಂತಮೂರ್ತಿ. ಅದನ್ನೇ ಗುರುವಾಗಿ ಆರಿಸಿಕೊಂಡೆವು. ಮೊದಲ ದಿನ ಅದು ಬೀದಿಯ ಆ ತುದಿಯಲ್ಲಿ, ನಾವು ಈ ತುದಿಯಲ್ಲಿ. ಬೆಳ್ಳಿ ಅದನ್ನು ನೋಡಿದ ಕೂಡಲೇ ಒಂದು ಚೂರು ಪನೀರು. ತಿನ್ನುವುದನ್ನು ನಿಲ್ಲಿಸಿದರೆ ನಾವು ಹತ್ತಿರ ಬಂದುದು ಹೆಚ್ಚಾಯಿತೆಂದು ಅರ್ಥ, ಹಿಂದೆ ಸರಿಯಬೇಕು. ತುಟಿ ನೆಕ್ಕುವುದು, ನಿದ್ದೆಯಿಲ್ಲದೆಯೂ ಆಕಳಿಸುವುದು, ಮುಖ ತಿರುಗಿಸುವುದು, ಇವೆಲ್ಲ ಕಳವಳದ ಭಾಷೆ ಎಂದು ಆಗಲೇ ನನಗೆ ತಿಳಿದದ್ದು. ಕೆಲವು ದಿನಗಳ ಬಳಿಕ ಎರಡನ್ನೂ ರಸ್ತೆಯ ಎರಡು ಬದಿಗಳಲ್ಲಿ ಒಂದೇ ದಿಕ್ಕಿಗೆ ನಡೆಸಿದೆವು. ಎದುರುಬದುರು ತರಲಿಲ್ಲ, ಹಗ್ಗ ಬಿಗಿಯಲಿಲ್ಲ. ದಿನದಿನಕ್ಕೆ ನಡುವಣ ಅಂತರ ಒಂದೆರಡು ಹೆಜ್ಜೆ ಕಿರಿದಾಯಿತು. ಮೂಸಲು ಬಿಟ್ಟದ್ದು ಮೂರು ಎಣಿಸುವಷ್ಟು ಹೊತ್ತು; ಬಳಿಕ ಕರೆದು ಮತ್ತೆ ನಡಿಗೆ.

ಆ ದಿನಗಳಲ್ಲಿ ನನಗೆ ಪದೇ ಪದೇ ನೆನಪಾದವನು ಸುಮಾರು 40 ವರ್ಷಗಳ ಹಿಂದಿನ ಒಬ್ಬ ವಿದ್ಯಾರ್ಥಿ. ಮಾತೇ ಆಡದ ಹುಡುಗ. ಅವನ ಸಂಕೋಚ ಬಿಡಿಸುತ್ತೇನೆಂದು ಸ್ವಾತಂತ್ರ್ಯ ದಿನದಂದು ಇಡೀ ಶಾಲೆಯೆದುರು ಭಾಷಣಕ್ಕೆ ನಿಲ್ಲಿಸಿದ್ದೆ. ಅವನ ತುಟಿ ಅಲುಗಿತು, ದನಿ ಹೊರಡಲಿಲ್ಲ. ಮಕ್ಕಳು ನಕ್ಕರು. ನಾನು 'ಧೈರ್ಯವಾಗಿ ಹೇಳೋ' ಎಂದು ಗದರಿದೆ. ಅವನು ವಾರವಿಡೀ ಶಾಲೆಗೆ ಬರಲಿಲ್ಲ. ಬಂದ ಮೇಲೂ ನನ್ನ ಮುಖ ನೋಡಲಿಲ್ಲ. ಅದನ್ನು ನಾನು ಅವನ ದೌರ್ಬಲ್ಯವೆಂದೇ ತಿಳಿದಿದ್ದೆ.

ಏಳನೆಯ ವಾರ ಬೆಳ್ಳಿ ಒಮ್ಮೆ ತಾನಾಗಿಯೇ ಮುಂಗಾಲು ಚಾಚಿ, ಎದೆ ನೆಲಕ್ಕೆ ತಾಗಿಸಿ, ಬೆನ್ನ ಹಿಂಭಾಗ ಮೇಲೆತ್ತಿ ಮುದಿನಾಯಿಯನ್ನು ಆಟಕ್ಕೆ ಕರೆಯಿತು. ಮೊಮ್ಮಗಳು ಚಪ್ಪಾಳೆ ತಟ್ಟಲು ಹೋದವಳು ಬೆಳ್ಳಿ ಬೆದರೀತೆಂದು ಕೈ ತಡೆದುಕೊಂಡಳು. ಅವಳಿಗಿದ್ದ ಅಷ್ಟು ವಿವೇಕ ಅಂದು ನನಗಿರಲಿಲ್ಲ.

ಅಪರಿಚಿತ ನಾಯಿಗಳೆದುರು ಬೆಳ್ಳಿ ಈಗಲೂ ನನ್ನ ಕಾಲ ಹಿಂದೆ ನಿಲ್ಲುತ್ತದೆ. ನಿಲ್ಲಲಿ. ನನ್ನ ಹಳೆಯ ವಿದ್ಯಾರ್ಥಿಗಳೇ, ಆ ಹುಡುಗ ನಿಮ್ಮಲ್ಲೊಬ್ಬನಾಗಿದ್ದು ಇದನ್ನು ಓದುತ್ತಿದ್ದರೆ ಒಂದು ಮಾತು: ತಪ್ಪು ನಿನ್ನದಾಗಿರಲಿಲ್ಲ, ಅವಸರಪಟ್ಟವನು ನಾನು.