ಕ್ಯೂಗಾಗಿ ಕ್ಯೂ

ಮೂವತ್ತೆಂಟು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನು ನಾನು. ಕ್ಯೂ ಎಂದರೆ ನನಗೆ ಜನರ ಸಾಲು. ಪಿಂಚಣಿಯ ದಿನ ಬಾಗಿಲಾಚೆಗೂ ಬೆಳೆದು, ‘ಸ್ವಲ್ಪ ಬೇಗ ಸ್ವಾಮೀ’ ಎಂದು ಗೊಣಗುತ್ತಿದ್ದ ಸಾಲು. ಕ್ಯೂ ಎಂಬ ಇನ್ನೊಂದು ವಸ್ತುವಿದೆ, ಅದಕ್ಕಾಗಿ ಜನ ವರ್ಷಗಟ್ಟಲೆ ಕಾಯುತ್ತಾರೆ ಎಂದು ತಿಳಿದದ್ದು ನನ್ನ 73ನೇ ವಯಸ್ಸಿನಲ್ಲಿ, ಇಂಗ್ಲೆಂಡಿನ ಷೆಫೀಲ್ಡ್‌ನಲ್ಲಿ.

ಮಗಳು ಅಲ್ಲಿ ವೈದ್ಯೆ. ಕಳೆದ ವರ್ಷ ಏಪ್ರಿಲ್‌ನಲ್ಲಿ ನಾನೂ ನನ್ನಾಕೆಯೂ ಮೈಸೂರಿನಿಂದ ಹೊರಟು ಅವಳ ಮನೆ ಸೇರಿದೆವು. ಷೆಫೀಲ್ಡ್ ನಮ್ಮ ಮಡಿಕೇರಿಯ ಹಾಗೆ; ಯಾವ ಬೀದಿಗೆ ಹೊರಟರೂ ಒಂದೋ ಏರು, ಇಲ್ಲವೇ ಇಳಿಜಾರು. ಚಾಕು, ಚಮಚ, ಕತ್ತರಿಗೆ ಹೆಸರಾದ ಉಕ್ಕಿನ ಊರು. ಊರ ನಡುವಿನ ನಾಟಕಶಾಲೆಗೆ ‘ಕ್ರೂಸಿಬಲ್’ ಎಂದು ಹೆಸರು. ಹಾಗೆಂದರೆ ಲೋಹ ಕರಗಿಸುವ ಮೂಸೆ. 1977ರಿಂದ ವಿಶ್ವ ಸ್ನೂಕರ್ ಚಾಂಪಿಯನ್‌ಷಿಪ್ ನಡೆಯುತ್ತಿರುವುದು ಈ ಮೂಸೆಯೊಳಗೆ. 17 ದಿನಗಳ ಪಂದ್ಯಾವಳಿ. ಫೈನಲ್ ಸಾಮಾನ್ಯವಾಗಿ ಮುಗಿಯುವುದು ಮೇ ತಿಂಗಳ ಮೊದಲ ಸೋಮವಾರ. ಅಂದು ದೇಶಕ್ಕೆಲ್ಲ ರಜೆ. ಆ ರಜೆಯ ಹೆಸರೇ ‘ಬ್ಯಾಂಕ್ ಹಾಲಿಡೇ’! ಊರು ನನಗೆ ಹಿಡಿಸದೆ ಇರುತ್ತದೆಯೇ?

ಸ್ನೂಕರ್ ನೋಡಿರದ ಮಕ್ಕಳಿಗೆ ಒಂದು ಮಾತು. 12 ಅಡಿ ಉದ್ದದ ಮೇಜು, ಮೇಲೆ ಹಸಿರು ಬಟ್ಟೆ. 15 ಕೆಂಪು ಚೆಂಡು, ಬೇರೆ ಬೇರೆ ಬಣ್ಣದ 6 ಚೆಂಡು, ಒಂದು ಬಿಳಿ. ಉದ್ದನೆಯ ಕೋಲಿನಿಂದ ಬಿಳಿ ಚೆಂಡನ್ನು ಹೊಡೆದು, ಅದರಿಂದ ಉಳಿದವನ್ನು ಮೇಜಿನ 6 ಜೇಬುಗಳಿಗೆ ಬೀಳಿಸಬೇಕು. ಆ ಕೋಲೇ ಕ್ಯೂ. ಆಟ ಬೆಳೆದದ್ದು ಇಂಗ್ಲೆಂಡಿನಲ್ಲಾದರೂ ಹುಟ್ಟಿದ್ದು ನಮ್ಮಲ್ಲಿ: 1875ರಲ್ಲಿ ಜಬಲ್ಪುರದಲ್ಲಿ, ನೆವಿಲ್ ಚೇಂಬರ್ಲಿನ್ ಎಂಬ ಸೇನಾಧಿಕಾರಿಯ ತಲೆಯಲ್ಲಿ. ನಿಯಮಗಳನ್ನು ಬರೆದು ಗೋಡೆಗೆ ಹಾಕಿದ್ದು 1882ರಲ್ಲಿ, ನಮ್ಮ ಪಕ್ಕದ ಊಟಿಯ ಕ್ಲಬ್ಬಿನಲ್ಲಿ. ಬೆಂಗಳೂರಿನ ಪಂಕಜ್ ಅಡ್ವಾಣಿ 2003ರಲ್ಲಿ, 18ರ ಹರೆಯದಲ್ಲಿ, ಹವ್ಯಾಸಿಗಳ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದರು.

ನನ್ನ ಮೊಮ್ಮಗನಿಗೆ 12 ವರ್ಷ, ಸ್ನೂಕರ್ ಹುಚ್ಚು. ಕ್ಲಬ್ಬಿನ ಕೋಲಿನಲ್ಲಿ ಆಡುತ್ತಾನೆ. ‘ಜೂನ್‌ನಲ್ಲಿ ನಿನ್ನ ಹುಟ್ಟುಹಬ್ಬಕ್ಕೆ ನಾನು ಕೊಡಿಸ್ತೀನಿ ಬಿಡೋ, ಕೈಯಲ್ಲಿ ಮಾಡಿದ್ದೇ ಕೊಡಿಸ್ತೀನಿ’ ಎಂದುಬಿಟ್ಟೆ. ‘ವಿಚಾರಿಸದೆ ಮಾತು ಕೊಡಬೇಡಿ ಅಪ್ಪ’ ಎಂದಳು ಮಗಳು. ಕೇಳಬೇಕಲ್ಲ!

ಒಂದು ಶನಿವಾರ ತಾತ ಮೊಮ್ಮಗ ಬಸ್ಸು ಹತ್ತಿ ಊರ ಅಂಚಿಗೆ ಹೋದೆವು. ಹಳೆಯ ಇಟ್ಟಿಗೆ ಕಟ್ಟಡ, ಕಡಿದಾದ ಮೆಟ್ಟಿಲು. ನನ್ನ ಮಂಡಿ ತಕರಾರು ತೆಗೆಯಿತು; ಹುಡುಗ ಕೈ ಹಿಡಿದುಕೊಂಡ. ಮೇಲೆ ಒಂದೇ ಕೋಣೆ, ಒಬ್ಬರೇ ಕೆಲಸಗಾರರು, 60 ದಾಟಿದವರು. ನೆಲದ ತುಂಬ ಮರದ ಸುರುಳಿ, ಎಣ್ಣೆಯ ವಾಸನೆ. ನಮ್ಮೂರಿನ ಆಚಾರ್ ಅಂಗಡಿಗೆ ಬಂದ ಹಾಗಾಯಿತು. ಅವರ ಇಂಗ್ಲಿಷ್ ನನಗೆ ಅರ್ಧವೂ ತಿಳಿಯಲಿಲ್ಲ, ಮೊಮ್ಮಗನೇ ದುಭಾಷಿ.

ಗೋಡೆಗೆ ಒರಗಿಸಿದ್ದ ಚೌಕನೆಯ ಕೋಲುಗಳ ಮೇಲೆಲ್ಲ ಪೆನ್ಸಿಲಿನಲ್ಲಿ ತಾರೀಖು ಬರೆದಿತ್ತು. ಅವು ಆಶ್ ಮರ. ಚೆನ್ನಾಗಿ ಒಣಗಿದ ಮರವನ್ನೂ ಅವರು ಒಮ್ಮೆಲೇ ಕೀಸುವುದಿಲ್ಲ. ಸ್ವಲ್ಪ ಕೀಸಿ, ವಾರಗಟ್ಟಲೆ ಹಾಗೇ ಬಿಡುತ್ತಾರೆ. ಕೀಸಿದ ಮೇಲೆ ಮರ ಸೊಟ್ಟಗಾಗಬಹುದು. ಆಗುವುದಿದ್ದರೆ ಈಗಲೇ ಆಗಲಿ ಎಂದು. ಸೊಟ್ಟಗಾದದ್ದು ಒಲೆಗೆ. ನೇರವಾಗಿ ನಿಂತದ್ದನ್ನು ಮತ್ತೆ ಸ್ವಲ್ಪ ಕೀಸುವುದು.

ಹಿಡಿಯ ಭಾಗಕ್ಕೆ ಕರಿಮರ. ಒಂದು ತುಂಡನ್ನು ನನ್ನ ಅಂಗೈಗಿಟ್ಟರು, ಕಬ್ಬಿಣದಂಥ ತೂಕ. ನೀರಿಗೆ ಹಾಕಿದರೆ ಮುಳುಗುವ ಮರವದು. ಆಶ್ ಕೋಲಿನ ಬುಡದ ನಾಲ್ಕು ಮಗ್ಗುಲಿಗೆ ಕರಿಮರದ ನಾಲ್ಕು ಪಟ್ಟಿ ಅಂಟಿಸುತ್ತಾರೆ. ಮೊದಲು ಎದುರುಬದುರು ಎರಡು. ಅಂಟು ಒಣಗಿದ ಮೇಲೆ ಇನ್ನೆರಡು. ಆಮೇಲೆ ಕೀಸುಳಿ ಹಿಡಿದು ಚೌಕವನ್ನು ದುಂಡಗೆ ಮಾಡುತ್ತ ಹೋದಂತೆ, ಬಿಳಿ ಮರದ ಮೇಲೆ ನಾಲ್ಕು ಕಪ್ಪು ಮೊನೆಗಳು ತಾವಾಗಿ ಮೂಡುತ್ತವೆ. ನಾಲ್ಕೂ ಒಂದೇ ಎತ್ತರಕ್ಕೆ ಬರಬೇಕು. ಯಂತ್ರದಲ್ಲಿ ಮಾಡಿದ್ದರ ಮೊನೆ ಚೂಪಾಗಿರುತ್ತದೆ, ಕೈಯಲ್ಲಿ ಮಾಡಿದ್ದರ ಮೊನೆ ತುಸು ದುಂಡಗಿರುತ್ತದೆ. ಮೈಸೂರಿನ ಬೀಟೆ ಕುಸುರಿ ಕೆಲಸ ನೋಡಿದವನು ನಾನು. ಆದರೂ ಬಾಗಿ ಬಾಗಿ ನೋಡಿದೆ.

ಬುಡದೊಳಗೆ ಬೇಕಾದಷ್ಟು ಸೀಸ ತುಂಬಿ ತೂಕ ಹೊಂದಿಸುವುದು, ತುದಿಗೆ ಹಿತ್ತಾಳೆಯ ಬಳೆ, ಅದರ ಮೇಲೆ ಸುಮಾರು 9–10 ಮಿಲಿಮೀಟರ್ ಅಗಲದ ಚರ್ಮದ ಬಿಲ್ಲೆ, ಕೊನೆಗೆ ಎಣ್ಣೆ ಹಚ್ಚಿ ಉಜ್ಜುವುದು. ಹೀಗೆ ಸಿದ್ಧವಾದ ಕೋಲಿನ ಉದ್ದ 57–58 ಅಂಗುಲ, ತೂಕ ಅರ್ಧ ಕಿಲೋದ ಆಸುಪಾಸು.

‘ಜೂನ್‌ಗೆ ಸಿಗತ್ತಾ?’ ಹುಡುಗ ಕೇಳಿದ. ಅವರು ಮಾತಾಡದೆ ಕಪಾಟಿನಿಂದ ಒಂದು ಪುಸ್ತಕ ತೆಗೆದರು. ರಟ್ಟಿನ ಹೊದಿಕೆಯ ಅಪ್ಪಟ ಲೆಡ್ಜರ್! ಪುಟಪುಟವೂ ಹೆಸರು. ‘ಈಗ ಬರೆಸಿದರೆ 18 ತಿಂಗಳು’ ಎಂದರು.

ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಸ್ವಲ್ಪ ಹೆಚ್ಚು ಹಣ ಕೊಟ್ಟರೆ ಮುಂಚೆ ಆಗುತ್ತದೆಯೇ ಎಂದು ನಾನು ಕೇಳಿದೆ. ಅವರಿಗೆ ಕೋಪ ಬರಲಿಲ್ಲ. ಲೆಡ್ಜರನ್ನು ನನ್ನ ಕಡೆ ತಿರುಗಿಸಿ, ಕೊನೆಯ ಹೆಸರಿನ ಮೇಲೆ ಬೆರಳಿಟ್ಟು, ‘ಇವರಿಗೆ ನಾನೇನು ಹೇಳಲಿ?’ ಎಂದರು. ಕೌಂಟರಿನಲ್ಲಿ ಕೂತು ಎಷ್ಟು ಜನ ಪ್ರಭಾವಿಗಳಿಗೆ ನಾನೇ ಈ ಮಾತು ಹೇಳಿಲ್ಲ! ಕೋಲಿನ ಕ್ಯೂಗೂ ಸಾಲಿನ ಕ್ಯೂಗೂ ಮೂಲ ಒಂದೇ, ಫ್ರೆಂಚಿನಲ್ಲಿ ‘ಬಾಲ’ ಎಂಬ ಅರ್ಥದ ಮಾತು. ನಾನು ಆ ಬಾಲದ ತುದಿಯಲ್ಲಿ ನಿಂತಿದ್ದೆ.

ಆಮೇಲೆ ಹುಡುಗನನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿದರು. ಕೋಲು ಭುಜಕ್ಕಿಂತ ಮೇಲೆ, ಗದ್ದಕ್ಕಿಂತ ಕೆಳಗೆ ಬರಬೇಕಂತೆ. ‘ಇವನಿನ್ನೂ ಬೆಳೆಯುವ ಹುಡುಗ. ಈ ಅಳತೆಗೆ ಮಾಡಿದರೆ ಕೈಗೆ ಬರುವ ಹೊತ್ತಿಗೇ ಗಿಡ್ಡವಾಗುತ್ತದೆ. ಹದಿನಾರು ತುಂಬಲಿ, ಬನ್ನಿ.’ ಕೈಗೆ ಬಂದ ಗಿರಾಕಿಯನ್ನು ವಾಪಸು ಕಳಿಸುವವರನ್ನು ನಾನು ಹೆಚ್ಚು ಕಂಡಿಲ್ಲ.

ಹುಡುಗನ ಕಣ್ಣು ತುಂಬಿತು. ಅದನ್ನು ನೋಡಿ ಅವರು ಸ್ಟೀಫನ್ ಹೆಂಡ್ರಿಯ ಕಥೆ ಹೇಳಿದರು. ಏಳು ಸಲ ವಿಶ್ವ ಚಾಂಪಿಯನ್ ಆದ ಆತ ಆ ಏಳನ್ನೂ ಗೆದ್ದದ್ದು ಬರೀ 40 ಪೌಂಡಿನ ಕೋಲಿನಲ್ಲಿ. 2003ರಲ್ಲಿ ವಿಮಾನ ಪ್ರಯಾಣದಲ್ಲಿ ಅದು ಮುರಿಯುವವರೆಗೂ ಬಿಡಲಿಲ್ಲ. ‘ಕೋಲು ಆಮೇಲೆ ಬರಲಿ, ಮೊದಲು ಕೈ ಪಳಗಲಿ’ ಎಂದು ಬೆನ್ನು ತಟ್ಟಿದರು.

ಬಸ್ಸಿನಲ್ಲಿ ನನ್ನ ತಲೆ ಹಳೆಯ ಚಟದಂತೆ ಲೆಕ್ಕ ಹಾಕಿತು. ಇನ್ನು 4 ವರ್ಷ, ಮೇಲೆ 18 ತಿಂಗಳು. 73ಕ್ಕೆ ಕೂಡಿಸಿದರೆ ಎಪ್ಪತ್ತೆಂಟೂವರೆ. ಹುಡುಗನೂ ಅದೇ ಲೆಕ್ಕದಲ್ಲಿದ್ದನೋ ಏನೋ, ಕಿಟಕಿಯ ಕಡೆ ನೋಡುತ್ತಲೇ ಕೇಳಿದ: ‘ತಾತ, ಆಗ ನೀವು ಇರ್ತೀರಾ?’

ಮಕ್ಕಳಿಗೆ ಸುಳ್ಳು ಹೇಳಬಾರದು. ‘ನೋಡೋಣ ಪುಟ್ಟ. ಇದ್ರೆ ಆ ಮೆಟ್ಟಿಲು ಹತ್ತಿಸ್ತೀಯಾ?’ ಎಂದೆ.

‘ಹ್ಞೂಂ. ಇವತ್ತು ಹತ್ತಿಸಿದ್ನಲ್ಲಾ!’

ಮೈಸೂರಿಗೆ ಬಂದ ಮೇಲೆ ಕುಕ್ಕರಹಳ್ಳಿ ಕೆರೆಯ ವಾಕಿಂಗ್ ತಪ್ಪಿಸಿಲ್ಲ. ಮಂಡಿಗೆ ವೈದ್ಯರು ಹೇಳಿದ ವ್ಯಾಯಾಮವನ್ನೂ ಮಾಡುತ್ತೇನೆ; ಮೊದಲು ಮಾಡುತ್ತಿರಲಿಲ್ಲ. ಕೋಲಿಗೆಂದು ಒಂದು ಠೇವಣಿ ಇಟ್ಟು, ಮಗಳನ್ನು ನಾಮಿನಿ ಮಾಡಿದ್ದೇನೆ. ಭಾನುವಾರದ ವಿಡಿಯೋ ಕರೆಯಲ್ಲಿ ಹುಡುಗ ಅಡುಗೆಮನೆ ಬಾಗಿಲಿಗೆ ಒರಗಿ ನಿಲ್ಲುತ್ತಾನೆ, ಅವರಮ್ಮ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾಳೆ. ಹೋದ ವಾರದ ಗೆರೆ ಹಿಂದಿನದಕ್ಕಿಂತ ಒಂದು ಬೆರಳು ಮೇಲಿತ್ತು.